ರಾತ್ರಿಯಿಡೀ ನಡಿಗೆ, ಐದು ಜನರ ತಂಡ: ಯಾರ ವೇಗಕ್ಕೆ ನಡೆಯಬೇಕು?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಇಲ್ಲಿ ನಡಿಗೆ, ಚಾರಣದ ಹುಚ್ಚಿರುವವರು ಬಹಳ ಮಂದಿ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಲಂಡನ್ ಸುತ್ತಮುತ್ತ ಇರುವ ನಾವು ಐದು ಜನ ಕನ್ನಡದ ಹೆಂಗಸರು ಮೇ ತಿಂಗಳ ಮೂನ್‌ವಾಕ್‌ಗೆ ತಂಡವಾಗಿ ಹೆಸರು ಕೊಟ್ಟಿದ್ದೇವೆ. ಸ್ತನ ಕ್ಯಾನ್ಸರ್‌ ಕೆಲಸಕ್ಕೆ ಹಣ ಕೂಡಿಸುವ ನಡಿಗೆ ಅದು. ಶನಿವಾರ ರಾತ್ರಿ ಹೊರಟು, ಲಂಡನ್ ಬೀದಿಗಳನ್ನೆಲ್ಲ ಸುತ್ತಿ, ಭಾನುವಾರ ಬೆಳಿಗ್ಗೆ ಮುಗಿಸಬೇಕು. ಪೂರ್ತಿ ದೂರ 26.2 ಮೈಲಿ, ಅಂದರೆ 42 ಕಿಲೋಮೀಟರ್. ಅದಕ್ಕಿಂತ ಚಿಕ್ಕ ನಡಿಗೆಯೂ ಉಂಟು, ಆದರೆ ನಮ್ಮ ತಂಡಕ್ಕೆ ಚಿಕ್ಕದು ಎಂಬ ಮಾತೇ ಆಗುವುದಿಲ್ಲ.

ಈಗ ತಕರಾರು ಹೇಳುತ್ತೇನೆ. ಐವರಲ್ಲಿ ಒಬ್ಬಳು ಮ್ಯಾರಥಾನ್ ಓಡುವವಳು. ಏಳು ಗಂಟೆಯೊಳಗೆ ಮುಗಿಸಲೇಬೇಕು ಎಂದು ಪಟ್ಟು ಹಿಡಿದಿದ್ದಾಳೆ. ಇನ್ನೊಬ್ಬರು ನಮ್ಮೆಲ್ಲರ ಅಕ್ಕ, ಅರವತ್ತು ದಾಟಿದವರು. ಅವರಿಗೆ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ, ಕೀಮೋ ಎಲ್ಲ ಮುಗಿದು ಈಗ ಆರಾಮಾಗಿದ್ದಾರೆ. ನಿಜ ಹೇಳಬೇಕೆಂದರೆ ಈ ತಂಡ ಕಟ್ಟಿದ್ದೇ ಅವರ ಸಲುವಾಗಿ. ಅವರಿಗೆ ಮಂಡಿನೋವು, ಮೈಲಿಗೆ 22 ನಿಮಿಷ ಹಿಡಿಯುತ್ತದೆ. ಉಳಿದ ಮೂವರು ಮಧ್ಯದವರು. ಓಟಗಾರ್ತಿ "ನಾನು ಮುಂದೆ ಹೋಗಿರುತ್ತೇನೆ, ಕೊನೆಯಲ್ಲಿ ಸಿಗೋಣ" ಎಂದಳು. ಅಕ್ಕ "ನನ್ನಿಂದ ಯಾರಿಗೂ ತಡವಾಗುವುದು ಬೇಡ, ನನ್ನ ಹೆಸರು ತೆಗೆದುಬಿಡಿ" ಎಂದರು. ಅಂದಿನಿಂದ ವಾಟ್ಸಾಪ್ ಗುಂಪಿನಲ್ಲಿ ಶುಭೋದಯದ ಚಿತ್ರಗಳನ್ನು ಬಿಟ್ಟರೆ ಒಂದು ಮಾತಿಲ್ಲ.

ತಂಡ ಎಂದ ಮೇಲೆ ಒಟ್ಟಿಗೆ ನಡೆಯಬೇಕೋ, ಅವರವರ ವೇಗಕ್ಕೆ ಬಿಡಬೇಕೋ? ಅನುಭವ ಇರುವವರು ಹೇಳಿ. ಜನರ ಹತ್ತಿರ ದುಡ್ಡು ಕೇಳಲು ಮುಜುಗರ ಆಗುತ್ತಿದೆ, ಅದಕ್ಕೂ ದಾರಿ ಇದ್ದರೆ ತಿಳಿಸಿ.

ಕೆಂಪು ಷೂ
ಅವರವರ ವೇಗಕ್ಕೆ ಬಿಡಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಬೇಗ ನಡೆಯುವವರಿಗೆ ನಿಧಾನ ನಡೆಯುವುದು ವಿಶ್ರಾಂತಿ ಎಂದು ಎಲ್ಲರೂ ತಿಳಿದಿದ್ದಾರೆ. ಶುದ್ಧ ತಪ್ಪು. ಹೆಜ್ಜೆಯ ಅಳತೆ ಕಡಿಮೆಯಾದರೆ ಸೊಂಟ ಹಿಡಿಯುತ್ತದೆ, ಮೈ ತಣ್ಣಗಾಗುತ್ತದೆ, ಕಾಲಿನ ಮೇಲೆ ಇರುವ ಹೊತ್ತೂ ಜಾಸ್ತಿ. ಲೆಕ್ಕ ಹಾಕಿ ನೋಡಿ: ಮೈಲಿಗೆ 16 ನಿಮಿಷವಾದರೆ 26.2 ಮೈಲಿಗೆ ಏಳು ಗಂಟೆ. 22 ನಿಮಿಷವಾದರೆ ಒಂಬತ್ತೂವರೆ ಗಂಟೆ ದಾಟುತ್ತದೆ. ಎರಡೂವರೆ ಗಂಟೆಯ ವ್ಯತ್ಯಾಸ. ಆ ಹುಡುಗಿ ಕೇಳುತ್ತಿರುವುದರಲ್ಲಿ ಅಹಂಕಾರ ಏನಿದೆ?

ಬಾಗಲಕೋಟೆ ಪಾದಯಾತ್ರಿ
ಕೆಂಪು ಷೂ ಅವರೇ, ಲೆಕ್ಕ ಸರಿ ಇದೆ, ಒಪ್ಪಿದೆ. ಆದರೆ ತಂಡ ಕಟ್ಟಿದ್ದು ಯಾರ ಸಲುವಾಗಿ ಎಂದು ಮೇಲೆ ಬರೆದಿದ್ದಾರಲ್ಲ, ಅದನ್ನು ಓದಿದಿರೋ ಇಲ್ಲವೋ?

ನಮ್ಮ ಕಡೆ ಯುಗಾದಿಗೆ ಶ್ರೀಶೈಲಕ್ಕೆ ನಡೆದುಕೊಂಡು ಹೋಗುವುದು ಎಲ್ಲರಿಗೂ ಗೊತ್ತಿದೆ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಕಡೆಯಿಂದ ಸಾವಿರಾರು ಜನ. ಬಿಸಿಲಿನ ಝಳಕ್ಕೆ ಹಗಲು ಮರದ ಕೆಳಗೆ ಮಲಗುವುದು, ಸಂಜೆಯ ಮೇಲೆ ಮತ್ತು ನಸುಕಿನಲ್ಲಿ ನಡೆಯುವುದು. ಹೀಗಾಗಿ ರಾತ್ರಿ ನಡಿಗೆ ನಮಗೇನೂ ಹೊಸದಲ್ಲ. ನಮ್ಮ ಓಣಿಯ ಗುಂಪಿನಲ್ಲಿ ಒಂದು ಕಟ್ಟಳೆ ಇದೆ. ಎಲ್ಲಕ್ಕಿಂತ ನಿಧಾನ ನಡೆಯುವ ಹಿರಿಯರು ಎಲ್ಲರಿಗಿಂತ ಮುಂದೆ. ಉಳಿದವರೆಲ್ಲ ಅವರ ಹಿಂದೆ. ಅವರನ್ನು ದಾಟುವಂತಿಲ್ಲ. ಹಿರಿಯರನ್ನು ಹಿಂದೆ ಬಿಟ್ಟರೆ ಅವರು ನಮ್ಮನ್ನು ಹಿಡಿಯಲು ಹೋಗಿ ದಣಿಯುತ್ತಾರೆ. ಮುಂದೆ ಇಟ್ಟರೆ ತಮ್ಮ ಹದಕ್ಕೆ ನಡೆಯುತ್ತಾರೆ, ಯಾರಿಗೂ ಭಾರವಾಗಿದ್ದೇನೆ ಎಂಬ ಭಾವನೆ ಬರುವುದಿಲ್ಲ. ನಲ್ಲಮಲ ಕಾಡಿನೊಳಗೆ ಭೀಮನ ಕೊಳ್ಳದ ಇಳಿಜಾರು ಇಳಿದು, ಕೈಲಾಸ ದ್ವಾರಕ್ಕೆ ಏರುವಾಗ ಈ ಕಟ್ಟಳೆಯ ಬೆಲೆ ಗೊತ್ತಾಗುತ್ತದೆ.

ಬೇಗ ಮುಟ್ಟಿದವರಿಗೆ ಮಲ್ಲಯ್ಯ ಹೆಚ್ಚು ದರ್ಶನವನ್ನೇನೂ ಕೊಡುವುದಿಲ್ಲ.

ಕೆಂಪು ಷೂ
ಭಕ್ತಿ ಬೇರೆ, ಇದು ಬೇರೆ. ಶ್ರೀಶೈಲಕ್ಕೆ ಹೋಗುವವರು ದಿನಗಟ್ಟಲೆ ನಡೆಯುತ್ತಾರೆ, ಹೊತ್ತು ಕೈಯಲ್ಲಿ ಇರುತ್ತದೆ. ಇಲ್ಲಿ ಒಂದೇ ರಾತ್ರಿ.

ಹಳೆಯ ಟ್ರೇಲ್‌ವಾಕರ್
ಒಟ್ಟಿಗೇ ನಡೆಯಬೇಕು ಎಂಬ ನಿಯಮ ಇರುವ ನಡಿಗೆಯನ್ನು ನಾನು ಬಲ್ಲೆ. ಬೆಂಗಳೂರಿನಲ್ಲಿ 2012ರಲ್ಲಿ ಆಕ್ಸ್‌ಫ್ಯಾಮ್ ಟ್ರೇಲ್‌ವಾಕರ್ ಶುರುವಾದಾಗ ನಮ್ಮ ಕಚೇರಿಯಲ್ಲಿ ಭಾರೀ ಉತ್ಸಾಹ. ನಾಲ್ಕು ಜನರ ತಂಡ, 100 ಕಿಲೋಮೀಟರ್, 48 ಗಂಟೆ. ಇದರ ಮೂಲ ಹಾಂಗ್‌ಕಾಂಗ್. ಅಲ್ಲಿ 1981ರಲ್ಲಿ ಗೂರ್ಖಾ ಸೈನಿಕರ ತರಬೇತಿಯಾಗಿ ಹುಟ್ಟಿಕೊಂಡಿತು, 1986ರಲ್ಲಿ ಸಾರ್ವಜನಿಕರನ್ನೂ ಸೇರಿಸಿಕೊಂಡರು. ಹುಟ್ಟೇ ಸೈನ್ಯದ್ದು, ಹಾಗಾಗಿ ಜೊತೆಗಾರನನ್ನು ಬಿಟ್ಟು ಹೋಗುವ ಮಾತೇ ಅದರಲ್ಲಿ ಇಲ್ಲ. ನಾಲ್ವರೂ ಕೂಡಿಯೇ ತಪಾಸಣಾ ಠಾಣೆಗೆ ಬರಬೇಕು.

ಹೇಳಲು ಚೆನ್ನಾಗಿದೆ. ನಡೆಯುವಾಗ ಏನಾಗುತ್ತದೆ ಕೇಳಿ. ನಡುರಾತ್ರಿ ದಾಟಿದೆ. ರಾಗಿ ಹೊಲಗಳ ನಡುವೆ ಮಣ್ಣಿನ ದಾರಿ, ತಲೆಗೆ ಕಟ್ಟಿದ ದೀಪದ ಬೆಳಕು ಬಿಟ್ಟರೆ ಏನೂ ಕಾಣದು, ಪ್ರತಿ ಹಳ್ಳಿಯ ನಾಯಿಗಳೂ ಸರದಿಯಂತೆ ನಮ್ಮನ್ನು ಗಡಿಯವರೆಗೆ ಬಿಟ್ಟು ಬರುತ್ತಿವೆ. ನಮ್ಮಲ್ಲಿ ಒಬ್ಬನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಅವನು ಹೇಳಲಿಲ್ಲ. ತನ್ನಿಂದ ತಡವಾಗಬಾರದು ಎಂದು ಕಾಲು ಓರೆ ಇಟ್ಟು ನಡೆದ, ಅದರಿಂದ ಇನ್ನೊಂದು ಮಂಡಿ ಹಿಡಿಯಿತು. ಮುಂದಿನ ಠಾಣೆಯಲ್ಲಿ ಕಾಲುಚೀಲ ತೆಗೆದಾಗ ಚರ್ಮವೇ ಅದರ ಜೊತೆ ಬಂತು. ಆಗ ನಮ್ಮ ನಾಯಕ ಅನ್ನಿಸಿಕೊಂಡವನು "ಮೊದಲೇ ಬಾಯಿ ಬಿಡಲು ಏನಾಗಿತ್ತು ನಿನಗೆ" ಎಂದು ರೇಗಿದ. ಇವನು ಚೀಲವನ್ನು ಅವನ ಮೇಲೆ ಎಸೆದ. ಬೆಳಗಿನ ಜಾವ ಮೂರಕ್ಕೆ ಒಳ್ಳೆಯವರು ಎಂದು ಯಾರೂ ಇರುವುದಿಲ್ಲ ಮೇಡಂ. ಎಂ.ಬಿ.ಎ. ಮಾಡಿದವರೂ ಇಲ್ಲ.

ಅದಕ್ಕೇ ನನ್ನ ಮಾತು: ಒಟ್ಟಿಗೆ ನಡೆಯುವಿರೋ ಬೇರೆಯಾಗಿ ನಡೆಯುವಿರೋ, ಅದನ್ನು ಮನೆಯಲ್ಲಿ ಕಾಫಿ ಕುಡಿಯುತ್ತಾ ತೀರ್ಮಾನಿಸಿ. ದಾರಿಯಲ್ಲಿ ತೀರ್ಮಾನಿಸಲು ಹೊರಟರೆ ಸ್ನೇಹ ಉಳಿಯುವುದಿಲ್ಲ.

ಅರಿಶಿನ ಕುಂಕುಮ
ನಾಯಿಗಳು ಗಡಿಯವರೆಗೆ ಬಿಟ್ಟು ಬಂದದ್ದು ಓದಿ ನಕ್ಕು ನಕ್ಕು ಸಾಕಾಯಿತು.

ನಾನು ಮೂನ್‌ವಾಕ್ ಮಾಡಿದವಳು, ನನ್ನದೂ ನಾಲ್ಕು ಮಾತು. ತುಂಗಾತೀರ ಅವರು ಒಂದು ಮುಖ್ಯ ವಿಷಯವನ್ನು ಜಾಣತನದಿಂದ ಬಿಟ್ಟಿದ್ದಾರೆ. ಆ ನಡಿಗೆಯಲ್ಲಿ ಎಲ್ಲರೂ ಅಲಂಕಾರ ಮಾಡಿದ ಬ್ರಾ ತೊಟ್ಟು ನಡೆಯುತ್ತಾರೆ. ಹೆಂಗಸರು, ಗಂಡಸರು, ಎಲ್ಲರೂ. 1996ರಲ್ಲಿ ನೀನಾ ಬರೋ ಎಂಬಾಕೆ ಗೆಳತಿಯರನ್ನು ಕಟ್ಟಿಕೊಂಡು ನ್ಯೂಯಾರ್ಕ್ ಮ್ಯಾರಥಾನನ್ನು ಬ್ರಾ ತೊಟ್ಟು ನಡೆದದ್ದೇ ಇದರ ಮೂಲ. ಆಮೇಲೆ ಆಕೆಗೇ ಸ್ತನ ಕ್ಯಾನ್ಸರ್ ಇರುವುದು ತಿಳಿಯಿತು. ಲಂಡನ್ನಿನ ರಾತ್ರಿ ನಡಿಗೆ ಶುರುವಾದದ್ದು 1998ರಲ್ಲಿ. ನಡೆಸುವ ಸಂಸ್ಥೆಯ ಹೆಸರು ವಾಕ್ ದ ವಾಕ್.

ಮೈ ತೋರಿಸಲೇಬೇಕು ಎಂದೇನಿಲ್ಲ. ನಾನು ಪೂರ್ತಿ ತೋಳಿನ ಬೆಚ್ಚನೆಯ ಬನಿಯನ್ ಮೇಲೆ ಬ್ರಾ ತೊಟ್ಟಿದ್ದೆ. ಹಳೆಯ ಮೈಸೂರು ರೇಷ್ಮೆ ಸೀರೆಯ ಜರಿ ಅಂಚನ್ನು ಕತ್ತರಿಸಿ ಸುತ್ತಲೂ ಹೊಲಿದು, ನಡುವೆ ಕನ್ನಡಿ ಚೂರು ಕೂರಿಸಿದ್ದೆ. ಜರಿಯ ಅಂಚನ್ನು ಕಂಕುಳಿನ ಕಡೆಗೆ ತರಬೇಡಿ, ತೋಳು ಬೀಸುವಾಗ ಉಜ್ಜಿ ಉಜ್ಜಿ ಬಟ್ಟೆ ದಾಟಿ ಚರ್ಮ ತರಚುತ್ತದೆ. ಮುಂಭಾಗಕ್ಕೆ ಮಾತ್ರ ಸಾಕು. ಕನ್ನಡಿಯನ್ನು ಅಂಟಿಸಬೇಡಿ, ಹೊಲಿಯಿರಿ. ಮಳೆ ಬಂದರೆ ಅಂಟು ಬಿಡುತ್ತದೆ.

ಕಹಿಬೇವು
ಕ್ಷಮಿಸಿ, ನನಗೆ ಇದು ಅರ್ಥವೇ ಆಗುವುದಿಲ್ಲ. ರೋಗದ ಹೆಸರಿನಲ್ಲಿ ಒಳ ಉಡುಪು ತೊಟ್ಟು ಬೀದಿಯಲ್ಲಿ ಮೆರವಣಿಗೆ. ಅದಕ್ಕೊಂದು ಪ್ರವೇಶ ಶುಲ್ಕ, ಅದರ ಮೇಲೆ ದೇಣಿಗೆ. ಅದರ ಬದಲು ಐದು ಜನ ತಲಾ ನೂರು ಪೌಂಡು ಹಾಕಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕಳಿಸಿ. 1973ರಿಂದ ಬಡವರಿಗೆ ಚಿಕಿತ್ಸೆ ಕೊಡುತ್ತಿರುವ ಸರ್ಕಾರಿ ಸಂಸ್ಥೆ ಅದು. ಭಾರತದ ಹೆಂಗಸರಲ್ಲಿ ಈಗ ಮೊದಲ ಸ್ಥಾನದಲ್ಲಿರುವುದು ಸ್ತನ ಕ್ಯಾನ್ಸರೇ. 2022ರ ಒಂದೇ ವರ್ಷದಲ್ಲಿ ಸುಮಾರು 1.9 ಲಕ್ಷ ಹೊಸ ರೋಗಿಗಳು. ಲಂಡನ್ನಿನವರಿಗೆ ಸರ್ಕಾರವೇ ನಡೆಸುವ ಆರೋಗ್ಯ ಸೇವೆ, ಎನ್‌ಎಚ್‌ಎಸ್ ಇದೆ. ನಮ್ಮ ಹಳ್ಳಿಯ ಹೆಂಗಸಿಗೆ ಏನಿದೆ?

ಏಳನೇ ವಾರ್ಡು
ಕಹಿಬೇವು ಅವರೇ, ನಾನು ಮ್ಯಾಂಚೆಸ್ಟರ್‌ನಲ್ಲಿ ದಾದಿ. ಎನ್‌ಎಚ್‌ಎಸ್ ಇದೆ ನಿಜ, 50ರಿಂದ 71 ವರ್ಷದೊಳಗಿನ ಹೆಂಗಸರನ್ನು ಮೂರು ವರ್ಷಕ್ಕೊಮ್ಮೆ ತಪಾಸಣೆಗೆ ಕರೆಯುತ್ತಾರೆ. ಪತ್ರ ಮನೆಗೇ ಬರುತ್ತದೆ. ಆ ಪತ್ರ ಎಷ್ಟು ನಮ್ಮ ಮನೆಗಳಲ್ಲಿ ಫ್ರಿಜ್ಜಿನ ಮೇಲೆ ತರಕಾರಿ ಅಂಗಡಿಯ ಚೀಟಿಯ ಕೆಳಗೆ ಇರುತ್ತದೆ ಗೊತ್ತೇ? "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ" ಎನ್ನುತ್ತಾರೆ. "ಗಂಡಸು ಡಾಕ್ಟರು ಇದ್ದರೆ?" ಎನ್ನುತ್ತಾರೆ. ತಪಾಸಣೆಯಲ್ಲಿ ಸ್ತನದ ಎಕ್ಸ್‌ರೇ ತೆಗೆಯುವವರು ಹೆಂಗಸರೇ. ಬ್ರಿಟನ್ನಿನಲ್ಲಿ ಏಳು ಹೆಂಗಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಇದು ಬರುತ್ತದೆ, ಗಂಡಸರಿಗೂ ವರ್ಷಕ್ಕೆ ನಾಲ್ಕುನೂರರಷ್ಟು ಮಂದಿಗೆ ಬರುತ್ತದೆ. ಆ ಅಂಗದ ಹೆಸರು ಹೇಳಲೂ ನಾಚುವ ನಮ್ಮ ಜನಕ್ಕೆ ಬೀದಿಯಲ್ಲಿ ಜರಿ ಬ್ರಾ ಕಂಡು ಬೆಚ್ಚಿಬೀಳುವುದು ಒಳ್ಳೆಯ ಔಷಧ.

ಈಗ ಅಕ್ಕನವರ ವಿಷಯಕ್ಕೆ ಬರುತ್ತೇನೆ, ಇದನ್ನು ಯಾರೂ ಹೇಳಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಆ ಕಡೆಯ ತೋಳಿನಲ್ಲಿ ದುಗ್ಧರಸ ಎಂಬ ದ್ರವ ನಿಂತು ಊದಿಕೊಳ್ಳುವ ಸಂಭವ ಇರುತ್ತದೆ, ವರ್ಷಗಳು ಕಳೆದ ಮೇಲೂ. ಗಂಟೆಗಟ್ಟಲೆ ತೋಳು ಕೆಳಗೆ ಬಿಟ್ಟು ನಡೆದರೆ ಆರೋಗ್ಯವಂತರ ಬೆರಳುಗಳೇ ಊದುತ್ತವೆ, ಉಂಗುರ ಬಿಗಿಯಾಗುತ್ತದೆ. ಹಾಗಾಗಿ:

ಅವರು ಬೆನ್ನಿಗೆ ಚೀಲ ಹಾಕುವುದು ಬೇಡ, ಆ ಭುಜದ ಮೇಲೆ ಪಟ್ಟಿ ಒತ್ತಬಾರದು. ಅವರ ನೀರು, ಜಾಕೆಟ್ಟು ಬೇರೆಯವರು ಹೊರಲಿ. ತೋಳು ಊದದಂತೆ ತೊಡುವ ಬಿಗಿ ತೋಳುಚೀಲವನ್ನು ಆಸ್ಪತ್ರೆಯವರು ಕೊಟ್ಟಿದ್ದರೆ ಅದನ್ನು ತೊಡಲಿ. ಉಂಗುರ, ಬಳೆ ಮನೆಯಲ್ಲಿಯೇ ಬಿಟ್ಟು ಬರಲಿ. ನಡೆಯುವಾಗ ಆಗಾಗ ಮುಷ್ಟಿ ಬಿಗಿದು ಬಿಡಲಿ. ತಮ್ಮನ್ನು ನೋಡುತ್ತಿರುವ ಸ್ತನ ಚಿಕಿತ್ಸಾ ವಿಭಾಗದ ದಾದಿಗೆ ಈಗಲೇ ಒಂದು ಫೋನ್ ಮಾಡಿ ಕೇಳಲಿ. ಮೇ ತಿಂಗಳಲ್ಲಿ ಅಲ್ಲ, ಈಗ.

ಇನ್ನೊಂದು, ಎಲ್ಲರಿಗೂ. ಬಾಯಾರಿದಾಗ ಕುಡಿಯಿರಿ, ಭಯಕ್ಕೆ ಕುಡಿಯಬೇಡಿ. ಲೀಟರುಗಟ್ಟಲೆ ಬರೀ ನೀರು ಕುಡಿದರೆ ರಕ್ತದಲ್ಲಿ ಉಪ್ಪಿನ ಅಂಶ ಇಳಿದು ತಲೆ ಸುತ್ತು, ವಾಂತಿ, ಕೆಲವೊಮ್ಮೆ ಪ್ರಾಣಾಪಾಯ. ನಿಧಾನವಾಗಿ ನಡೆಯುವವರಿಗೇ ಇದು ಹೆಚ್ಚು, ಅವರಿಗೆ ಕುಡಿಯಲು ಹೊತ್ತು ಇರುತ್ತದಲ್ಲ.

ತುಂಗಾತೀರ
ಏಳನೇ ವಾರ್ಡು ಅವರೇ, ಕೈ ಮುಗಿದೆ. ಚೀಲದ ವಿಷಯ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಅಕ್ಕನಿಗೆ ಈ ಕೊಂಡಿ ಕಳಿಸುತ್ತಿದ್ದೇನೆ.

ಅರಿಶಿನ ಕುಂಕುಮ ಅವರೇ, ಜಾಣತನ ಅಲ್ಲ, ಅತ್ತೆಯವರು ಇಲ್ಲಿಯೇ ಇದ್ದಾರೆ. ನಾನು ಮೇಜಿನ ಮೇಲೆ ಮಿಣಿಮಿಣಿ ಅಂಟಿಸುತ್ತಿರುವುದನ್ನು ನೋಡಿ "ಇದು ಯಾವ ದೇವರಿಗೆ?" ಎಂದು ಕೇಳಿದರು.

ಲೆಕ್ಕದ ಪುಸ್ತಕ
ಕಿದ್ವಾಯಿ ಪ್ರಸ್ತಾಪ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಇಲ್ಲಿಂದ ಭಾರತದ ಸಂಸ್ಥೆಗೆ ಸುಮ್ಮನೆ ಹಣ ಕಳಿಸಲಾಗುವುದಿಲ್ಲ. ನೀವು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಅನಿವಾಸಿಯಾಗಿದ್ದು, ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬ್ರಿಟಿಷ್ ಪೌರತ್ವ ತೆಗೆದುಕೊಂಡಿದ್ದರೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ನೀವು ವಿದೇಶಿಯರೇ. ಆಗ ಹಣ ಪಡೆಯುವ ಸಂಘ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು, 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಕೊಡುವ ಮೊದಲು ವಿಚಾರಿಸಿ.

ದುಡ್ಡು ಕೇಳುವ ಮುಜುಗರಕ್ಕೆ ಬಂದರೆ, ಗಿಫ್ಟ್ ಏಡ್ ಹಿಡಿದುಕೊಳ್ಳಿ. ಇಲ್ಲಿ ತೆರಿಗೆ ಕಟ್ಟುವವರು ಒಂದು ಪೌಂಡು ಕೊಟ್ಟರೆ ಸರ್ಕಾರದಿಂದ ಸಂಸ್ಥೆಗೆ ಇನ್ನೂ 25 ಪೆನ್ಸ್ ಸಿಗುತ್ತದೆ. ಒಂದು ಚೌಕದಲ್ಲಿ ಗುರುತು ಹಾಕಿದರೆ ಆಯಿತು. "ನನಗೆ ಕೊಡಿ" ಎನ್ನುವ ಬದಲು "ನೀವು ಕೊಟ್ಟ ಇಪ್ಪತ್ತು ಪೌಂಡು ಇಪ್ಪತ್ತೈದು ಆಗುತ್ತದೆ" ಎನ್ನಿ. ನಮ್ಮವರಿಗೆ ಆ ಭಾಷೆ ಅರ್ಥವಾಗುತ್ತದೆ.

ನಿತ್ಯ ಪಯಣಿಗ
ನಾನು ಹೀಗೆ ಮಾಡುತ್ತೇನೆ: ಕನ್ನಡ ಬಳಗದ ಯುಗಾದಿ ಊಟದಲ್ಲಿ ಡಬ್ಬಿ ಇಟ್ಟು ನಗದು ಸಂಗ್ರಹಿಸಿ, ನನ್ನ ಹೆಸರಿನಲ್ಲಿ ಒಟ್ಟಿಗೆ ಹಾಕಿ ಗಿಫ್ಟ್ ಏಡ್ ಗುರುತು ಹಾಕುವುದು. ಸುಲಭ.

ಲೆಕ್ಕದ ಪುಸ್ತಕ
ಸುಲಭ, ಮತ್ತು ನಿಯಮಕ್ಕೆ ವಿರುದ್ಧ. ಗಿಫ್ಟ್ ಏಡ್ ಇರುವುದು ಅವರವರ ಸ್ವಂತ ಹಣಕ್ಕೆ ಮಾತ್ರ. ಡಬ್ಬಿಯ ಹಣ ನಿಮ್ಮದಲ್ಲ. ಗುರುತು ಹಾಕದೆ ಕಟ್ಟಿ, ಯಾರೂ ಬೇಡ ಎನ್ನುವುದಿಲ್ಲ. ಊಟದ ಟಿಕೆಟ್ಟಿಗೆ, ಲಾಟರಿ ಚೀಟಿಗೆ ಕೊಟ್ಟ ಹಣಕ್ಕೂ ಅನ್ವಯಿಸುವುದಿಲ್ಲ.

ನಿತ್ಯ ಪಯಣಿಗ
ಇಂಥವರಿಂದಲೇ ಯುಗಾದಿ ಊಟಕ್ಕೆ ಜನ ಬರುವುದು ಕಡಿಮೆಯಾಗಿರುವುದು.

ಹಿತ್ತಲ ಮಲ್ಲಿಗೆ
ಊಟದ ಮಾತು ಬಂತು. ರಾತ್ರಿ ನಡೆಯುವಾಗ ಏನು ತಿನ್ನುತ್ತೀರಿ? ಅಲ್ಲಿ ಸಿಗುವ ಸಿಹಿ ಜೆಲ್ ನನಗೆ ಹೊಟ್ಟೆಗೆ ಆಗುವುದಿಲ್ಲ.

ಬಾಗಲಕೋಟೆ ಪಾದಯಾತ್ರಿ
ಶೇಂಗಾ ಹೋಳಿಗೆ. ಕೆಡುವುದಿಲ್ಲ, ಹೊಟ್ಟೆ ತುಂಬುತ್ತದೆ, ಜೇಬಿನಲ್ಲಿ ಮಡಚಿ ಇಡಬಹುದು.

ಅರಿಶಿನ ಕುಂಕುಮ
ಪುಳಿಯೋಗರೆಯನ್ನು ಉಂಡೆ ಮಾಡಿ ಹಾಳೆಯಲ್ಲಿ ಸುತ್ತಿ ಒಯ್ದಿದ್ದೆ. ಪಕ್ಕದಲ್ಲಿ ನಡೆಯುತ್ತಿದ್ದ ಐರಿಷ್ ಅಜ್ಜಿಗೂ ಕೊಟ್ಟೆ. ಇಂಗಿನ ವಾಸನೆಗೆ ಮೂಗು ಸಿಂಡರಿಸಿದವರು ಇನ್ನೊಂದು ಇದೆಯೇ ಎಂದು ಕೇಳಿದರು.

ಹಿತ್ತಲ ಮಲ್ಲಿಗೆ
ಮೊಸರನ್ನ?

ಹಳೆಯ ಟ್ರೇಲ್‌ವಾಕರ್
ದಯವಿಟ್ಟು ಬೇಡ. ತಿಂದ ಅರ್ಧ ಗಂಟೆಗೆ ಬೆಂಚು ಹುಡುಕುತ್ತೀರಿ.

ಏಳನೇ ವಾರ್ಡು
ಮೊಸರನ್ನಕ್ಕೆ ಸುಮ್ಮನೆ ಕೆಟ್ಟ ಹೆಸರು. ಉಪ್ಪಿದೆ, ಅನ್ನವಿದೆ, ನುಂಗಲು ಸುಲಭ. ನಿದ್ದೆ ಬರುವುದು ಬೆಳಗಿನ ಜಾವ ಮೂರು ನಾಲ್ಕು ಗಂಟೆಯಾಗಿದ್ದಕ್ಕೆ, ಮೊಸರಿಗಲ್ಲ. ಆ ಹೊತ್ತಿಗೆ ದೇಹದ ಉಷ್ಣತೆ ಎಲ್ಲಕ್ಕಿಂತ ಕೆಳಗೆ ಇಳಿದಿರುತ್ತದೆ. ರಾತ್ರಿ ಪಾಳಿ ಮಾಡಿದವರನ್ನು ಕೇಳಿ. ಎರಡು ಗಂಟೆಗೆ ಇನ್ನೊಂದು ಪದರ ಬಟ್ಟೆ ಹಾಕಿಕೊಳ್ಳಿ, ಚಳಿಯಾಗುವ ಮೊದಲೇ.

ಹಳೆಯ ಟ್ರೇಲ್‌ವಾಕರ್
ನೀವು ದಾದಿಯೇ ಇರಬಹುದು, ನಾನು ಮೊಸರನ್ನ ತಿಂದು ನಡೆದವರನ್ನು ಕಣ್ಣಾರೆ ಕಂಡಿದ್ದೇನೆ.

ನಿರ್ವಾಹಕರು
ಮೊಸರನ್ನಕ್ಕೆ ಬೇರೆ ಎಳೆ ತೆರೆಯಿರಿ. ಮೂಲ ಪ್ರಶ್ನೆಗೆ ಬನ್ನಿ.

ಕೆಂಪು ಷೂ
ಮೂಲ ಪ್ರಶ್ನೆಗೆ ಇನ್ನೊಂದು ಮಾತು. ಐವರೂ ಬೇರೆಯಾಗಬೇಕು ಎಂದು ನಾನು ಹೇಳಲಿಲ್ಲ. ಓಟಗಾರ್ತಿಯ ಜೊತೆ ಮಧ್ಯದವರಲ್ಲಿ ಒಬ್ಬರು, ಅಕ್ಕನವರ ಜೊತೆ ಇಬ್ಬರು. ಯಾರೂ ಒಂಟಿಯಾಗುವುದಿಲ್ಲ. ಅರ್ಧ ರಾತ್ರಿಯಲ್ಲಿ ಬಿಡಬೇಕಾಗಿ ಬಂದರೂ ಪರವಾಗಿಲ್ಲ, ಶನಿವಾರ ರಾತ್ರಿ ನಾರ್ದರ್ನ್, ವಿಕ್ಟೋರಿಯಾ, ಜೂಬಿಲಿ ಮಾರ್ಗಗಳಲ್ಲಿ ರಾತ್ರಿಯಿಡೀ ಟ್ಯೂಬ್ (ಲಂಡನ್ನಿನ ನೆಲದಡಿಯ ರೈಲು) ಇರುತ್ತದೆ.

ಷೂ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಅರ್ಧ ಅಳತೆ ದೊಡ್ಡದು ಕೊಳ್ಳಿ, ಸಂಜೆಯ ಹೊತ್ತು ಅಂಗಡಿಗೆ ಹೋಗಿ ಕೊಳ್ಳಿ, ಆಗ ಪಾದ ಊದಿರುತ್ತದೆ. ಕಾಲುಗುರು ಹಿಂದಿನ ವಾರವೇ ಕತ್ತರಿಸಿ. ಹಿಮ್ಮಡಿ ಬಿಸಿಯಾದ ಹಾಗೆ ಅನ್ನಿಸಿದ ಕ್ಷಣ ನಿಲ್ಲಿ, ಟೇಪು ಹಾಕಿ. ಬೊಬ್ಬೆ ಎದ್ದ ಮೇಲೆ ಹಾಕುವ ಟೇಪು ಬರೀ ಸಮಾಧಾನಕ್ಕೆ.

ಬಾಗಲಕೋಟೆ ಪಾದಯಾತ್ರಿ
ಕೆಂಪು ಷೂ ಅವರು ಈಗ ದಾರಿಗೆ ಬಂದರು. ಜೋಡಿ ಮಾಡುವ ಮಾತು ಒಪ್ಪುತ್ತೇನೆ.

ಕಾಲಿನ ವಿಷಯಕ್ಕೆ ನಮ್ಮ ಕಡೆಯದು ಕೇಳಿ. ಶ್ರೀಶೈಲದ ದಾರಿಯ ಊರುಗಳಲ್ಲಿ ಜನ ರಸ್ತೆ ಬದಿಗೆ ಚಾಪೆ ಹಾಸಿ, ಬಿಸಿನೀರು, ಎಣ್ಣೆ ಇಟ್ಟುಕೊಂಡು ಕೂತಿರುತ್ತಾರೆ. ಹೋಗುವವರನ್ನು ಕೈ ಹಿಡಿದು ಕೂರಿಸಿ ಕಾಲು ತಿಕ್ಕುತ್ತಾರೆ. ಹೆಸರು ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ. ಒಮ್ಮೆ ಒಬ್ಬ ಮುದುಕ ನನ್ನ ಬೊಬ್ಬೆಗೆ ಸೂಜಿಯಲ್ಲಿ ದಾರ ಪೋಣಿಸಿ, ಬೊಬ್ಬೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸಿ, ದಾರವನ್ನು ಅಲ್ಲೇ ಬಿಟ್ಟ. ನೀರು ದಾರದ ಗುಂಟ ಇಳಿದು ಹೋಯಿತು, ಚರ್ಮ ಕಿತ್ತು ಬರಲಿಲ್ಲ.

ಏಳನೇ ವಾರ್ಡು
ಯಾರೂ ಆ ದಾರದ ಉಪಾಯ ಮಾಡಬೇಡಿ! ದಾರದ ಗುಂಟ ಸೋಂಕು ಒಳಗೆ ಹೋಗುತ್ತದೆ. ಮಧುಮೇಹ ಇರುವವರಂತೂ ಬೊಬ್ಬೆ ಮುಟ್ಟಲೇಬಾರದು. ಮುದುಕನಿಗೆ ನನ್ನ ನಮಸ್ಕಾರ, ಉಪಾಯಕ್ಕೆ ಅಲ್ಲ.

ಕಹಿಬೇವು
ಎಲ್ಲ ಸರಿ. ನಡೆಯದೆ ಹಣ ಕೊಟ್ಟರೆ ಏನು ಕಡಿಮೆಯಾಗುತ್ತಿತ್ತು ಎಂಬ ನನ್ನ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.

ಅರಿಶಿನ ಕುಂಕುಮ
ನಡೆಯದಿದ್ದರೆ ನೀವು ಕೊಡುತ್ತಿದ್ದಿರೇ? ಈ ಎಳೆ ಇಲ್ಲದಿದ್ದರೆ ಕಿದ್ವಾಯಿಯ ನೆನಪಾದರೂ ಆಗುತ್ತಿತ್ತೇ?

ಆ ಅಕ್ಕ
ಹೊಸ ಸದಸ್ಯೆ. ತುಂಗಾತೀರ ಕಳಿಸಿದ ಕೊಂಡಿ ಹಿಡಿದು ಬಂದೆ. ನನ್ನ ಮಂಡಿ, ನನ್ನ ತೋಳು, ನನ್ನ ವೇಗ ಎಲ್ಲವನ್ನೂ ಲೋಕದವರೆಲ್ಲ ಕೂತು ಚರ್ಚಿಸಿದ್ದೀರಿ. ನನ್ನನ್ನು ಕೇಳಬೇಕು ಎಂದು ಒಬ್ಬರಿಗೂ ಅನ್ನಿಸಲಿಲ್ಲ.

ಮೊದಲನೆಯದು, ನನ್ನ ಸಲುವಾಗಿ ತಂಡ ಕಟ್ಟಿದ್ದು ಎಂದು ಬರೆದಿದ್ದಾಳೆ. ನಾನು ಕಟ್ಟಿ ಎಂದು ಕೇಳಿರಲಿಲ್ಲ. ನನ್ನ ಹೆಸರಿನಲ್ಲಿ ನೀವೆಲ್ಲ ಸಂಕಟ ಪಟ್ಟುಕೊಂಡು ನಿಧಾನ ನಡೆದರೆ, ಆ ಒಂಬತ್ತು ಗಂಟೆ ನಾನು ನಿಮ್ಮ ಮುಖ ನೋಡುತ್ತಾ ನಡೆಯಬೇಕಲ್ಲ. ಕೀಮೋ ಕುರ್ಚಿಯಲ್ಲಿ ಕೂತಾಗ ಬಂದವರೆಲ್ಲ ಹೀಗೇ ಮುಖ ಮಾಡುತ್ತಿದ್ದರು, ಸಾಕಾಗಿದೆ. ಹೆಸರು ತೆಗೆಯಿರಿ ಎಂದದ್ದು ಅದಕ್ಕೆ. ಮಂಡಿಗಲ್ಲ.

ಎರಡನೆಯದು, ಓಟಗಾರ್ತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಏಳು ಗಂಟೆಯೊಳಗೆ ಮುಗಿಸಲಿ. ಮುಗಿಸಿ ಮನೆಗೆ ಓಡಬಾರದು, ಅಷ್ಟೇ. ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ಹಿಡಿದು ಕೊನೆಯ ಮೈಲಿಗೆ ಎದುರು ಬರಲಿ. ಮೇ ತಿಂಗಳಲ್ಲಿ ಇಲ್ಲಿ ಐದಕ್ಕೆಲ್ಲ ಬೆಳಕಾಗುತ್ತದೆ, ನಾನು ಕೊನೆ ಮುಟ್ಟುವ ಹೊತ್ತಿಗೆ ಬಿಸಿಲು ಬಂದಿರುತ್ತದೆ, ಹುಡುಕುವ ಕಷ್ಟವಿಲ್ಲ.

ಮೂರನೆಯದು, ನನ್ನ ಜೊತೆ ಒಬ್ಬರು ಸಾಕು, ಇಬ್ಬರು ಬೇಡ. ಇಬ್ಬರಿದ್ದರೆ ತಮ್ಮ ತಮ್ಮಲ್ಲೇ ಮಾತಾಡಿಕೊಂಡು ನನ್ನನ್ನು ಸಾಮಾನಿನಂತೆ ನಡೆಸುತ್ತಾರೆ. ಆ ಒಬ್ಬರು ಕಾಯಿಲೆಯ ಮಾತು ಎತ್ತಬಾರದು. ಸೀರಿಯಲ್ ಕಥೆ ಹೇಳಲಿ, ಅತ್ತೆಯ ದೂರು ಹೇಳಲಿ, ನನಗೆ ಎರಡೂ ಇಷ್ಟ.

ಬ್ರಾ ಬಗ್ಗೆ. ನನಗೆ ಎಡಗಡೆ ಪೂರ್ತಿ ತೆಗೆದಿದ್ದಾರೆ. ಬಲಗಡೆಗೆ ಜರಿ ಹೊಲಿಯುತ್ತೇನೆ. ಎಡಗಡೆಯನ್ನು ಏನೂ ಮಾಡದೆ ಬಿಳಿಯಾಗಿ ಬಿಡುತ್ತೇನೆ, ನೋಡುವವರು ನೋಡಲಿ. ಚೀಲ ಹೊರಬಾರದು ಎಂದ ದಾದಿಯಮ್ಮನ ಮಾತು ಸರಿ, ನಮ್ಮ ಆಸ್ಪತ್ರೆಯವರಿಗೆ ಇವತ್ತೇ ಫೋನ್ ಮಾಡಿದೆ, ತೋಳುಚೀಲ ಹೊಸದು ಅಳತೆ ತೆಗೆದು ಕೊಡುತ್ತಾರಂತೆ.

ಕಹಿಬೇವು ಅವರಿಗೆ: ನೀವು ಕಿದ್ವಾಯಿಗೆ ಕೊಡಿ, ಬಹಳ ಸಂತೋಷ. ಕೊಟ್ಟ ರಸೀದಿಯನ್ನು ಇಲ್ಲಿ ಹಾಕಿ.

ಕೆಂಪು ಷೂ
ಅಕ್ಕ, ನೀವು ಓಡಿದ್ದರೆ ನಾವೆಲ್ಲ ಹಿಂದೆ ಬೀಳುತ್ತಿದ್ದೆವು.

ತುಂಗಾತೀರ
ಅಕ್ಕ, ಫೋನ್ ಮಾಡಿದರೆ ಎತ್ತಿ. ಇಲ್ಲಿ ಎಲ್ಲರ ಎದುರು ಬೈಸಿಕೊಂಡಿದ್ದು ಸಾಕು. ಜೊತೆಗೆ ನಡೆಯುವ ಆ ಒಬ್ಬರು ನಾನೇ, ಇನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಅತ್ತೆಯ ದೂರು ನನ್ನ ಹತ್ತಿರ 26 ಮೈಲಿಗೆ ಸಾಕಾಗುವಷ್ಟು ಇದೆ.

ಬಾಗಲಕೋಟೆ ಪಾದಯಾತ್ರಿ
ಅಕ್ಕನವರಿಗೆ ಶರಣು. ಶೇಂಗಾ ಹೋಳಿಗೆ ಕೊರಿಯರ್ ಮಾಡಲೇ? ವಿಳಾಸವನ್ನು ಇಲ್ಲಿ ಹಾಕಬೇಡಿ, ಖಾಸಗಿ ಸಂದೇಶದಲ್ಲಿ ಕಳಿಸಿ. ದೇಣಿಗೆಯ ಕೊಂಡಿಯನ್ನೂ ಕಳಿಸಿ.

ಲೆಕ್ಕದ ಪುಸ್ತಕ
ಬಾಗಲಕೋಟೆಯವರಿಗೆ: ನೀವು ಇಲ್ಲಿ ತೆರಿಗೆ ಕಟ್ಟುವವರಲ್ಲ, ಗಿಫ್ಟ್ ಏಡ್ ಚೌಕದಲ್ಲಿ ಗುರುತು ಹಾಕಬೇಡಿ. ನಿತ್ಯ ಪಯಣಿಗ ಅವರೇ, ನೀವೂ.

ನಿತ್ಯ ಪಯಣಿಗ
ನಾನು ಇಲ್ಲಿಯೇ ತೆರಿಗೆ ಕಟ್ಟುತ್ತೇನೆ ಸ್ವಾಮಿ! ಡಬ್ಬಿಯ ಹಣ ಬೇರೆ, ನನ್ನ ಹಣ ಬೇರೆ. ಕೊಂಡಿ ಎಲ್ಲಿ?

ಹಿತ್ತಲ ಮಲ್ಲಿಗೆ
ಮೊಸರನ್ನದ ಎಳೆ ತೆರೆದಿದ್ದೇನೆ, ಅಲ್ಲಿಗೆ ಬನ್ನಿ. ಟ್ರೇಲ್‌ವಾಕರ್ ಅವರು ಆಗಲೇ ಬಂದು ಜಗಳ ಶುರು ಮಾಡಿದ್ದಾರೆ.